ರಂಧ್ರ ಸಣ್ಣದು, ಎಚ್ಚರ ದೊಡ್ಡದು: ಪಿತ್ತಕೋಶದ ಲ್ಯಾಪ್ರೋಸ್ಕೋಪಿ

ಪಿತ್ತಕೋಶದಲ್ಲಿ ಕಲ್ಲಿದೆ, ಲ್ಯಾಪ್ರೋಸ್ಕೋಪಿ ಮಾಡಿ ಪಿತ್ತಕೋಶವನ್ನೇ ತೆಗೀಬೇಕು ಅಂತ ಡಾಕ್ಟರು ಹೇಳಿದ ತಕ್ಷಣ ಮನೆಯವರು ಕೇಳೋದು ಒಂದೇ: ‘ಕಲ್ಲು ಮಾತ್ರ ತೆಗೆದರೆ ಸಾಲದಾ?’

ಸಾಲದು. ಕಲ್ಲು ಬೆಳೆಯೋದೇ ಆ ಚೀಲದೊಳಗೆ. ಚೀಲ ಉಳಿದರೆ ಮತ್ತೆ ಕಲ್ಲಾಗಬಹುದು. ಪಿತ್ತರಸ ತಯಾರಾಗೋದು ಲಿವರ್‌ನಲ್ಲಿ. ಪಿತ್ತಕೋಶ ಅದನ್ನ ಕೂಡಿಡುತ್ತೆ ಅಷ್ಟೆ. ಅದು ಹೋದರೆ ಪಿತ್ತರಸ ನೇರವಾಗಿ ಸಣ್ಣಕರುಳಿಗೆ ಇಳಿಯುತ್ತೆ, ಊಟ ಜೀರ್ಣವಾಗುತ್ತೆ. ಹಾಗಂತ ಎಲ್ಲ ಕಲ್ಲಿಗೂ ಆಪರೇಷನ್ ಬೇಡ. ನೋವು, ತೊಂದರೆ ಏನೂ ಕೊಡದ ಕಲ್ಲನ್ನ ಸಾಮಾನ್ಯವಾಗಿ ಹಾಗೇ ಬಿಡ್ತಾರೆ.

1985ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಬೋಬ್ಲಿಂಗೆನ್‌ನ ಸರ್ಜನ್ ಎರಿಕ್ ಮ್ಯೂಹೆ ಹೊಟ್ಟೆ ಕೊಯ್ಯದೆ, ದುರ್ಬೀನಿನ ಸಹಾಯದಿಂದ, ಅಂದರೆ ಲ್ಯಾಪ್ರೋಸ್ಕೋಪಿಯಿಂದ, ಪಿತ್ತಕೋಶ ತೆಗೆದರು. ಮರುವರ್ಷ ಅದನ್ನ ಹೇಳಿಕೊಂಡಾಗ ಅಲ್ಲಿನ ಸರ್ಜನ್‌ಗಳು ಒಪ್ಪಲಿಲ್ಲ. ಅದೇ ಸರ್ಜನ್‌ಗಳ ಸಂಘ 1992ರಲ್ಲಿ ಅವರನ್ನ ಗೌರವಿಸಿತು. ಅಷ್ಟರಲ್ಲಿ, 1990ರಲ್ಲೇ, ಡಾ. ತೆಹೆಮ್ಟನ್ ಉದ್ವಾಡಿಯಾ ಮುಂಬೈನಲ್ಲಿ ಈ ಆಪರೇಷನ್ ಶುರು ಮಾಡಿದ್ದರು.

ಮಾಡೋದು ಹೇಗೆ? ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳ ಹತ್ತಿರ ಸುಮಾರು 10 ಮಿಲಿಮೀಟರ್ ರಂಧ್ರ ಮಾಡ್ತಾರೆ. ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆ ಉಬ್ಬಿಸ್ತಾರೆ, ಒಳಗೆ ಉಪಕರಣ ಆಡಿಸೋಕೆ ಜಾಗ ಸಿಗಲಿ ಅಂತ. ಹೊಕ್ಕುಳ ಹತ್ತಿರದ ರಂಧ್ರದಿಂದ ಕ್ಯಾಮೆರಾ ಹೋಗುತ್ತೆ, ಇನ್ನು ಮೂರು ರಂಧ್ರಗಳಿಂದ ಉಪಕರಣಗಳು.

ಈಗ ಬರುತ್ತೆ ಅತಿ ಮುಖ್ಯವಾದ ಘಟ್ಟ. ಪಿತ್ತಕೋಶಕ್ಕೆ ಸೇರೋದು ಎರಡೇ: ಅದರದೇ ನಾಳ ಮತ್ತು ಅದರ ರಕ್ತನಾಳ. ಪಕ್ಕದಲ್ಲೇ ಲಿವರ್‌ನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳ ಇದೆ. ಅದಕ್ಕೆ ಕತ್ತರಿ ತಗುಲಿದರೆ ದೊಡ್ಡ ಅನಾಹುತ. ಅದಕ್ಕೇ ಸರ್ಜನ್ ಸುತ್ತಲಿನ ಕೊಬ್ಬನ್ನ ನಿಧಾನವಾಗಿ ಬಿಡಿಸಿ, ಪಿತ್ತಕೋಶದ ಬುಡವನ್ನ ಲಿವರ್‌ನಿಂದ ಸ್ವಲ್ಪ ಬೇರ್ಪಡಿಸಿ, ಎರಡೇ ಎಳೆ ಪಿತ್ತಕೋಶಕ್ಕೆ ಹೋಗ್ತಿವೆ ಅಂತ ಕಣ್ಣಾರೆ ಕಂಡ ಮೇಲಷ್ಟೇ ಕ್ಲಿಪ್ ಹಾಕಿ ಕತ್ತರಿಸಬೇಕು. ಆಮೇಲೆ ಪಿತ್ತಕೋಶವನ್ನ ಬಿಡಿಸಿ, ಸಾಮಾನ್ಯವಾಗಿ ಹೊಕ್ಕುಳ ರಂಧ್ರದಿಂದ ಹೊರಗೆ ತೆಗೀತಾರೆ.

ಊತ ಜಾಸ್ತಿಯಿದ್ದು, ಎಲ್ಲ ಅಂಟಿಕೊಂಡು ಆ ಎರಡು ಎಳೆ ಸ್ಪಷ್ಟವಾಗಿ ಕಾಣದೇ ಹೋದರೆ? ಆಗ ಹೊಟ್ಟೆ ಕೊಯ್ದು ಮಾಡಬೇಕಾಗಬಹುದು. ದಯವಿಟ್ಟು ಅದನ್ನ ಡಾಕ್ಟರ ಸೋಲು ಅಂತ ತಿಳೀಬೇಡಿ. ಹಟ ಹಿಡಿದು ಮುಂದುವರಿಯದೆ ರೋಗಿಯ ಜೀವ ಕಾಯೋ ನಿರ್ಧಾರ ಅದು.

ಎಲ್ಲ ಸರಾಗವಾಗಿ ನಡೆದರೆ ಒಂದೆರಡು ದಿನದಲ್ಲಿ ಮನೆಗೆ ಕಳಿಸ್ತಾರೆ. ಕೆಲವರಿಗೆ ಭುಜ ನೋಯುತ್ತೆ. ಅದು ಉಳಿದ ಗ್ಯಾಸಿನಿಂದ, ತಾನಾಗೇ ಕಡಿಮೆಯಾಗುತ್ತೆ. ಆದರೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆನೋವು ದಿನೇದಿನೇ ಹೆಚ್ಚಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮುಂಚೆ ಸರ್ಜನ್‌ಗೆ ಹೀಗೆ ಹೇಳಿ: ‘ಡಾಕ್ಟ್ರೇ, ಒಳಗೆ ಸರಿಯಾಗಿ ಕಾಣದಿದ್ದರೆ ಓಪನ್ ಮಾಡಿ, ನಮ್ಮ ಒಪ್ಪಿಗೆ ಇದೆ.’ ಗಾಯ ಎಷ್ಟು ಚಿಕ್ಕದು ಅನ್ನೋದಕ್ಕಿಂತ ಮುಖ್ಯ ಪಿತ್ತನಾಳ ಸುರಕ್ಷಿತವಾಗಿರೋದೇ ದೊಡ್ಡದು.