ನಿವೃತ್ತಿಯ ಹಣ ಮತ್ತು ಸೈಟಿನ ಆಸೆ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಊರಿನ ಸ್ಟಾಫ್ ರೂಮಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಪಿ.ಎಫ್. ಹಣ ಸುಮ್ಮನೆ ಯಾಕೆ ಇರಬೇಕು? ಒಂದು ಸೈಟ್ ತಗೊಂಡು ಬಿಡೋಣ." ಬಡ್ಡಿ ಸಾಲ ಬೇಡವೆನ್ನುವ ನಮ್ಮವರಿಗೆ ಈ ಮಾತು ಬೇಗ ಹಿಡಿಸುತ್ತದೆ.

ನನ್ನ ತಂದೆ ಉರ್ದು ಶಾಲೆಯ ಶಿಕ್ಷಕರಾಗಿದ್ದರು. ನಿವೃತ್ತಿಯಾದಾಗ ಬಂದ ಜಿ.ಪಿ.ಎಫ್. ಹಣದಲ್ಲಿ ಹೆಚ್ಚಿನ ಪಾಲನ್ನು ಹೆದ್ದಾರಿ ಪಕ್ಕದ ಸೈಟಿಗೆ ಕೊಟ್ಟರು. ಕಲ್ಲು ನೆಟ್ಟಿದ್ದರು, ರಸ್ತೆ ಎಳೆದಿದ್ದರು. ಆದರೆ ಜಮೀನು ಭೂಪರಿವರ್ತನೆ ಆಗಿರಲಿಲ್ಲ. ಕೈಯಲ್ಲಿದ್ದದ್ದು ಛಾಪಾ ಕಾಗದದ ಕರಾರು ಮಾತ್ರ. ಅದರ ಕಚೇರಿ ಕನ್ನಡ ಅವರಿಗೆ ಅರ್ಥವಾಗಿರಲಿಲ್ಲ. ಹಣ ಹೋಯಿತು, ಅಕ್ಕನ ಬಿ.ಇಡಿ. ಓದು ನಿಂತಿತು. ಪಿಂಚಣಿ ಇದ್ದುದರಿಂದ ಮನೆ ನಡೆಯಿತು.

ನಮ್ಮ ಕಾಲ ಬೇರೆ. 2006ರ ಏಪ್ರಿಲ್ 1ರಂದು ಅಥವಾ ಅದರ ನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ಎನ್.ಪಿ.ಎಸ್. ಬಂತು. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನಮ್ಮಿಂದ ಕಡಿತವಾಗುತ್ತದೆ. ಆ ನಿಧಿ ಕರಗಿದರೆ ನಾಳಿನ ಪಿಂಚಣಿಯೇ ಕರಗಿದಂತೆ.

ಮನೆಗಾಗಿ ಅದರಿಂದ ಹಣ ತೆಗೆಯಲು ಅವಕಾಶವಿದೆ. ಮೂರು ವರ್ಷ ತುಂಬಿರಬೇಕು. ನಾವು ಕಟ್ಟಿದ ವಂತಿಗೆಯ ಶೇ. 25ರವರೆಗೆ ಮಾತ್ರ ಸಿಗುತ್ತದೆ. ಸರ್ಕಾರದ ಪಾಲು ಇದಕ್ಕೆ ಸೇರದು. ಮನೆ ಸ್ವಂತ ಹೆಸರಿನಲ್ಲಿ ಅಥವಾ ಪತಿ-ಪತ್ನಿಯ ಜಂಟಿ ಹೆಸರಿನಲ್ಲಿ ಇರಬೇಕು. ಪಿತ್ರಾರ್ಜಿತವಲ್ಲದ ಮನೆ ಈಗಾಗಲೇ ಇದ್ದರೆ ಅವಕಾಶವಿಲ್ಲ. ಅಮೆರಿಕದಲ್ಲಿ ಸ್ವಯಂ ನಿರ್ವಹಣೆಯ ನಿವೃತ್ತಿ ಖಾತೆಯಿಂದಲೇ ಕಟ್ಟಡ ಕೊಳ್ಳಬಹುದು. ಆದರೆ ಖಾತೆದಾರ ಅದರಲ್ಲಿ ವಾಸಿಸುವಂತಿಲ್ಲ. ನಮ್ಮಲ್ಲಿ ತದ್ವಿರುದ್ಧ: ವಾಸಕ್ಕೆ ಮಾತ್ರ, ವ್ಯಾಪಾರಕ್ಕಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲು ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಯ ಅನುಮೋದನೆ, ಹಳ್ಳಿಯಾದರೆ ಇ-ಸ್ವತ್ತು, ಪಟ್ಟಣವಾದರೆ ಇ-ಖಾತೆ ಕೇಳಿರಿ. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರ ನೋಡಿರಿ. ನೋಂದಣಿಯಾದ ಕ್ರಯಪತ್ರವಿಲ್ಲದೆ ಪೂರ್ತಿ ಹಣ ಕೊಡಬೇಡಿರಿ.

ವಿದ್ಯಾರ್ಥಿಗಳೇ, ಕನ್ನಡವನ್ನು ಬರೀ ಅಂಕಕ್ಕಾಗಿ ಕಲಿಯಬೇಡಿ. ಅಬ್ಬಾ, ಅಮ್ಮಿ ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಓದಿ ಅವರಿಗೆ ಅರ್ಥ ಹೇಳಿ. ಅಂದು ನಾನು ಹೈಸ್ಕೂಲಿನಲ್ಲಿದ್ದೆ, ಓದಲು ಬರುತ್ತಿತ್ತು. ಆದರೆ ಯಾರೂ ಕೇಳಲಿಲ್ಲ, ನಾನಾಗಿಯೇ ಓದಲೂ ಇಲ್ಲ. ನೀವು ಹಾಗೆ ಮಾಡಬೇಡಿ.