ಹಕ್ಕು ಎನ್ನೋಣ, ಉಪಕಾರ ಎನ್ನುವುದು ಬೇಡ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳು)



ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ನೌಕರಿಗೆ ಸೇರಿದ ಹೊಸದರಲ್ಲಿ ತರಗತಿಯಲ್ಲಿ, "ಸ್ಕಾಲರ್‌ಶಿಪ್ ಬೇಕಾದ ಬಡ ಮಕ್ಕಳು ಎದ್ದು ನಿಲ್ಲಿರಿ" ಎಂದೆ. ನಿಜವಾಗಿ ಅಗತ್ಯವಿದ್ದ ಒಬ್ಬ ಹುಡುಗಿ ಏಳಲಿಲ್ಲ. ಆಮೇಲೆ ಅವಳ ಅಮ್ಮ ಬಂದು, "ಸರ್, ರೊಕ್ಕ ಬೇಕಾಗಿತ್ರಿ. ಆ ಮಾತು ಬ್ಯಾಡಾಗಿತ್ತು" ಎಂದರು. ಅಷ್ಟರಲ್ಲಿ ಅರ್ಜಿಯ ದಿನ ಮುಗಿದಿತ್ತು. ಮರುವರ್ಷ ಹುಡುಗಿ ಶಾಲೆಗೆ ಬರಲಿಲ್ಲ. ಅವಳನ್ನು ತಡೆದದ್ದು ಬಡತನವಷ್ಟೇ ಅಲ್ಲ, ನನ್ನ ಒಂದು ಶಬ್ದ.

ಸಂಪತ್ತಿನಲ್ಲಿ ಬೇಡುವವರಿಗೂ, ಬೇಡಲಾರದೆ ವಂಚಿತರಾದವರಿಗೂ ಇರುವ ಪಾಲನ್ನು ಕುರ್‌ಆನ್ 'ಹಕ್' ಎನ್ನುತ್ತದೆ. ನಮ್ಮ ಕನ್ನಡದ 'ಹಕ್ಕು' ಅದೇ ಶಬ್ದ. ಝಕಾತ್ ಎಂಬ ಪದದಲ್ಲಿ ಶುದ್ಧಿ, ಬೆಳವಣಿಗೆ ಎರಡೂ ಅರ್ಥಗಳಿವೆ. ನಿಸಾಬ್ ಮುಟ್ಟಿದ ಉಳಿತಾಯ ಒಂದು ಚಾಂದ್ರಮಾನ ವರ್ಷ ನಮ್ಮಲ್ಲಿದ್ದರೆ, ಅದರ 40ರಲ್ಲಿ 1 ಪಾಲು, ಅಂದರೆ ನೂರಕ್ಕೆ ಎರಡೂವರೆ ರೂಪಾಯಿ, ನಮ್ಮದಲ್ಲ. ನಮ್ಮದಲ್ಲದ್ದನ್ನು ಕೊಟ್ಟು "ನಾನು ಓದಿಸಿದೆ" ಎನ್ನುವುದು ಹೇಗೆ? ಕೊಟ್ಟದ್ದನ್ನು ಎತ್ತಿ ಆಡಿದರೆ ದಾನವೇ ವ್ಯರ್ಥವೆಂದು ಕುರ್‌ಆನ್ ಎಚ್ಚರಿಸಿದೆ.

ಈ ತಿಳಿವಳಿಕೆ ನಮ್ಮ ಸೀಮೆಗೆ ಹೊಸದಲ್ಲ. ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ಹೆಸರೆತ್ತಿದರೆ ದಾಸೋಹ ನೆನಪಾಗುತ್ತದೆ. ದಾಸೋಹದಲ್ಲಿ ಉಣಬಡಿಸುವವನೇ ದಾಸ, ಉಂಡವನಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಉಳ್ಳವರೂ ಮಧುಕರಿ ಬೇಡುತ್ತಾರೆ. ಅಲ್ಲಿ ಯಾರ ತಲೆಯೂ ತಗ್ಗುವುದಿಲ್ಲ.

ತಾಯಿ-ತಂದೆಯರಿಗೂ ಒಂದು ಮಾತು. ಮದುವೆಗೆ ಸಾಲ ಮಾಡಿದರೆ "ಇಜ್ಜತ್ತು" ಅಂತೀವಿ, ಮಗಳ ಫೀಸು ಕಟ್ಟಿದರೆ "ಖರ್ಚು" ಅಂತೀವಿ. ತೊಗರಿ ರಾಶಿಯಾದಾಗ ಬೀಜಕ್ಕೆಂದು ಕಾಳು ತೆಗೆದಿಡುವುದನ್ನು ಯಾರೂ ಖರ್ಚು ಎನ್ನುವುದಿಲ್ಲ. ಫೀಸಿನ ರೊಕ್ಕವೂ ಬೀಜವೇ. ಎಷ್ಟೇ ಸಣ್ಣದಿರಲಿ, ರಾಶಿಯ ದಿನವೇ ಬೇರೆ ತೆಗೆದಿಡಿ.

ಟ್ರಸ್ಟಿನವರಿಗೆ ನನ್ನ ಕೋರಿಕೆ ಇಷ್ಟೆ: ಅರ್ಜಿಯಲ್ಲಿ "ಬಡ ವಿದ್ಯಾರ್ಥಿ" ಬೇಡ, "ವಿದ್ಯಾರ್ಥಿ" ಸಾಕು. ಚೆಕ್ ಕೊಡುವ ಫೋಟೊ ಬೇಡ, ರೊಕ್ಕ ನೇರ ಖಾತೆಗೆ ಹೋಗಲಿ. ಮಕ್ಕಳೇ, ಇದು ನಿಮ್ಮ ಕೈಗೆ ಬಂದ ಅಮಾನತ್ತು. ನೌಕರಿ ಹಿಡಿದ ಮೇಲೆ ಇನ್ನೊಂದು ಮಗುವಿನ ಫೀಸು ಕಟ್ಟಿ ಅದನ್ನು ಮುಟ್ಟಿಸಿರಿ.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅವಳಂಥವಳು ಈ ಸಭೆಯಲ್ಲಿದ್ದರೆ, ಬಾ ತಾಯಿ, ಅರ್ಜಿ ತಗೊಂಡು ಹೋಗು. ಯಾರ ಮುಂದೆಯೂ ಎದ್ದು ನಿಲ್ಲಬೇಕಾಗಿಲ್ಲ.

ಕೊಟ್ಟವರದನ್ನು ಅಲ್ಲಾಹನು ಸ್ವೀಕರಿಸಲಿ, ಪಡೆದವರಿಗೆ ಬರಕತ್ ನೀಡಲಿ. ಆಮೀನ್.