ಹಸೆಗೋಡೆಯಿಂದ ಚಿತ್ರಸಂತೆಗೆ: ಕಲಾವಿದೆಯ ಮೊದಲ ಮಾರಾಟ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಮಲೆನಾಡಿನ ಸಾಗರ, ಸೊರಬ ಭಾಗದ ದೀವರ ಮನೆಗಳಲ್ಲಿ ಮದುವೆಯ ಸಮಯಕ್ಕೆ ಹಸೆಗೋಡೆಯ ಮೇಲೆ ಚಿತ್ತಾರ ಬರೆಯುವುದು ತಲೆಮಾರುಗಳಿಂದ ಬಂದ ಪದ್ಧತಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ, ಹೀಗೆ ಸಾಮಗ್ರಿಯೆಲ್ಲವೂ ಊರಿನದೇ. ಭೂಮಿ ಹುಣ್ಣಿಮೆಯ ಬುಟ್ಟಿಗಳ ಮೇಲೂ ಇದೇ ಕೈಚಳಕ ಕಾಣುತ್ತದೆ.

ಇಂದು ಈ ಕಲೆಗೆ ಬಂದಿರುವ ಮೊದಲ ತೊಡಕು ಗೋಡೆಯದೇ. ಮಣ್ಣಿನ ಗೋಡೆಯ ಜಾಗದಲ್ಲಿ ಸಿಮೆಂಟಿನ ಗೋಡೆ ಎದ್ದಿದೆ. ವಸತಿ ಯೋಜನೆಗಳ ಫಲಾನುಭವಿಗಳನ್ನು ಆರಿಸಿದ್ದು ಗ್ರಾಮ ಸಭೆಗಳೇ. ಅದರಲ್ಲಿ ತಪ್ಪೇನೂ ಇಲ್ಲ. ಸೋರದ ಸೂರು ಎಲ್ಲರಿಗೂ ಬೇಕು. ಆದರೆ ಗೋಡೆ ಕಳೆದುಕೊಂಡ ಚಿತ್ತಾರ ಈಗ ಬಟ್ಟೆಗೆ, ಕಾಗದಕ್ಕೆ ಇಳಿದಿದೆ. ಅದಕ್ಕೆ ಕೊಳ್ಳುವವರು ಸಿಗದಿದ್ದರೆ ಮುಂದಿನ ತಲೆಮಾರಿನ ಹುಡುಗಿಯರು ಕುಂಚ ಹಿಡಿಯುವುದು ಕಷ್ಟ.

ಕೊಳ್ಳುವವರು ಸೇರುವ ದೊಡ್ಡ ತಾಣಗಳಲ್ಲಿ ಬೆಂಗಳೂರಿನ ಚಿತ್ರಸಂತೆ ಒಂದು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಈ ಸಂತೆ ಸಾಮಾನ್ಯವಾಗಿ ಜನವರಿ ತಿಂಗಳ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಯುತ್ತದೆ. ಮನೆಗೊಂದು ಕಲಾಕೃತಿ ಎಂಬುದು ಅದರ ಆಶಯ. ಇರುವುದು ಒಂದೇ ದಿನ. ಆ ದಿನ ಮಾರಾಟವಾಗದ್ದು ಮನೆಗೆ ಮರಳುತ್ತದೆ. ಆದ್ದರಿಂದ ಸಿದ್ಧತೆಯೆಲ್ಲ ಊರಿನಲ್ಲೇ ಮುಗಿದಿರಬೇಕು.

ಮೊದಲ ಬಾರಿ ಮಾರಲು ಹೊರಟವರು ಎಡವುವುದು ಬೆಲೆಯಲ್ಲಿ. ಒಂದು ಉದಾಹರಣೆಯನ್ನು ಲೆಕ್ಕ ಹಾಕಬಹುದು. ಎರಡು ಅಡಿಯ ಚಿತ್ತಾರಕ್ಕೆ ಬಟ್ಟೆ, ಬಣ್ಣಕ್ಕೆ 250 ರೂಪಾಯಿ, ಚೌಕಟ್ಟಿಗೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ದಿನದ ಕೆಲಸ ಹಿಡಿದರೆ, ಉದ್ಯೋಗ ಖಾತರಿಯ 2025-26ನೇ ಸಾಲಿನ ದಿನಗೂಲಿ 370 ರೂಪಾಯಿಯಂತೆ 1,110 ರೂಪಾಯಿ. ಪ್ರಯಾಣ, ಊಟ, ಮಳಿಗೆಗೆ 4,000 ರೂಪಾಯಿ ತಗುಲಿ, ಒಯ್ದ 40 ಕೃತಿಗಳಲ್ಲಿ 20 ಮಾತ್ರ ಮಾರಾಟವಾದರೆ ಒಂದೊಂದರ ಮೇಲೆ 200 ರೂಪಾಯಿ ಬೀಳುತ್ತದೆ. ಒಟ್ಟು 1,960 ರೂಪಾಯಿ. ಇದನ್ನು ಅರಿಯದೆ 800 ರೂಪಾಯಿಗೆ ಕೊಟ್ಟರೆ, ಕೈಯಿಂದ ಹಾಕಿದ 850 ರೂಪಾಯಿಯೂ ಹುಟ್ಟುವುದಿಲ್ಲ; ಮೂರು ದಿನದ ಕೂಲಿ ಸೊನ್ನೆ. ಗುಂಡಿ ತೋಡಿದ ಕೈಗೆ ಸಿಗುವ ಕೂಲಿ ಚಿತ್ತಾರ ಬರೆದ ಕೈಗೂ ಸಿಗಲೇಬೇಕು ಎಂಬುದನ್ನು ಕಲಾವಿದೆಗೆ ಧೈರ್ಯವಾಗಿ ಹೇಳುವವರು ಬೇಕು. ಉಳಿದ 20 ಕೃತಿಗಳಿಗೆ ಹಾಕಿದ ಹಣವೂ ಮುಂದಿನ ಸಂತೆಯವರೆಗೆ ಕಟ್ಟಿಬೀಳುತ್ತದೆ ಎಂಬುದನ್ನು ಮರೆಯಬಾರದು.

ಬೆಲೆಯನ್ನು ಚೀಟಿಯಲ್ಲಿ ಬರೆದು ಅಂಟಿಸುವುದು ಲೇಸು. ಬಾಯಲ್ಲಿ ಹೇಳಲು ಸಂಕೋಚಪಡುವವರಿಗೆ ಚೀಟಿಯೇ ಬಲ. ಚೌಕಾಶಿಯಲ್ಲಿ ಎಷ್ಟರವರೆಗೆ ಇಳಿಯಬಹುದೆಂಬುದೂ ಮೊದಲೇ ತೀರ್ಮಾನವಾಗಿರಲಿ. ದೊಡ್ಡ ಚಿತ್ರ ಜನರನ್ನು ನಿಲ್ಲಿಸುತ್ತದೆ. ಆದರೆ ನಿಂತವರೆಲ್ಲರೂ ಎರಡು ಸಾವಿರ ಕೊಡಲಾರರು. ಶುಭಾಶಯ ಪತ್ರ, ಸಣ್ಣ ಬುಟ್ಟಿ, ಅಂಗೈಯಗಲದ ಚಿತ್ರಗಳು ನೂರಿನ್ನೂರು ರೂಪಾಯಿಗೆ ಲಭ್ಯವಿದ್ದರೆ ದಾರಿಖರ್ಚಾದರೂ ಹುಟ್ಟೀತು. ಪ್ರತಿ ಕೃತಿಯ ಹಿಂದೆ ಬರೆದವರ ಹೆಸರು, ಊರು, ವರ್ಷ ಮತ್ತು ಚಿತ್ತಾರದ ಅರ್ಥ ಎರಡು ಸಾಲಿನಲ್ಲಿರಲಿ. ಹೆಸರಿಲ್ಲದ ಕೃತಿ ಕೈ ಬದಲಿಸಿದೊಡನೆ ಕಲಾವಿದೆಯ ಗುರುತು ಅಳಿಯುತ್ತದೆ, ಮರಳಿ ಬೇಡಿಕೆ ಬರುವ ದಾರಿಯೂ ಮುಚ್ಚುತ್ತದೆ.

ಈ ಹಿನ್ನೆಲೆಯಲ್ಲಿ ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು ಇವು:

1. ಗ್ರಾಮ ಸಭೆಯಲ್ಲಿ ಊರಿನ ಕಲಾವಿದರ, ಕುಶಲಕರ್ಮಿಗಳ ಪಟ್ಟಿ ಸಿದ್ಧಪಡಿಸುವುದು. ಬರೆಯುವ ಮಹಿಳೆಯ ಹೆಸರೇ ದಾಖಲಾಗಬೇಕು. ಮನೆಯ ಯಜಮಾನನ ಹೆಸರು ಸಾಲದು.

2. ಮೇಳಗಳಿಗೆ ಅರ್ಜಿ ಕರೆದಾಗ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಅರ್ಜಿ ತುಂಬಲು, ಕೃತಿಗಳ ಛಾಯಾಚಿತ್ರ ಸೇರಿಸಲು ನೆರವಾಗುವುದು.

3. ಕಲಾವಿದೆಯ ಸ್ವಂತ ಹೆಸರಿನ ಬ್ಯಾಂಕ್ ಖಾತೆಗೆ ಹಣ ಸೇರುವಂತೆ ಕ್ಯೂಆರ್ ಕೋಡ್ ಮಾಡಿಸಿಕೊಡುವುದು. ಜೊತೆಗೆ ಚಿಲ್ಲರೆ ಹಣವೂ ಇರಲಿ. ಜನಸಂದಣಿಯಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು.

4. ಸಂಜೀವಿನಿ ಒಕ್ಕೂಟದ ಮೂಲಕ ನಾಲ್ಕೈದು ಮಂದಿಯನ್ನು ಒಟ್ಟಾಗಿ ಕಳುಹಿಸುವುದು. ಖರ್ಚು ಹಂಚಿಹೋಗುತ್ತದೆ, ಮಳಿಗೆ ಬಿಟ್ಟು ಊಟಕ್ಕೆ ಹೋಗಲೂ ಅನುಕೂಲ. ಅದಕ್ಕೂ ಮುನ್ನ ಊರ ಜಾತ್ರೆಯಲ್ಲೋ ವಾರದ ಸಂತೆಯಲ್ಲೋ ಒಂದು ಮೇಜು ಹಾಕಿಸಿ ಅಭ್ಯಾಸ ಮಾಡಿಸಿದರೆ ಉತ್ತಮ.

5. 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ ಹೆಣೆಯುವವರು, ಗೊಂಬೆ ತಯಾರಕರು, ಶಿಲ್ಪಿಗಳು ಸೇರಿದ್ದಾರೆ. ಗ್ರಾಮಗಳಲ್ಲಿ ಈ ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿಯದೇ. ಅರ್ಜಿ ಬಾಕಿ ಉಳಿಯದಂತೆ ನೋಡಿಕೊಳ್ಳುವುದು.

ಮಾನ್ಯ ಸದಸ್ಯರೇ, ಕಿನ್ನಾಳದ ಗೊಂಬೆ, ಚನ್ನಪಟ್ಟಣದ ಆಟಿಕೆ, ಬೀದರಿನ ಬಿದರಿ ಕುಸುರಿ ಕೆಲಸಗಳು ಭೌಗೋಳಿಕ ಸೂಚ್ಯಂಕ ಪಡೆದು ಊರಿನ ಹೆಸರನ್ನೇ ಹೊತ್ತು ಸಾಗಿವೆ. ಪ್ರತಿ ಪಂಚಾಯಿತಿಯ ವ್ಯಾಪ್ತಿಯಲ್ಲೂ ಹೆಸರು ಕಾಣದ ಇಂಥ ಕೈಗಳಿರಬಹುದು. ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಕಲಾವಿದರ ಪಟ್ಟಿಯ ವಿಷಯವನ್ನು ಸೇರಿಸಿದರೆ, ಜನವರಿಯ ಸಂತೆಗೆ ಅಲ್ಲಿಂದಲೇ ದಾರಿ ತೆರೆಯುತ್ತದೆ.